ಆಗಾಗ ಆಫ್ ಆಗುವ ಹಳೆಯ ಕಾರು: ವಿದ್ಯುತ್ ದೋಷವನ್ನು ಹುಡುಕುವ ಕ್ರಮ

ಓಡುತ್ತಿರುವಾಗ ಇದ್ದಕ್ಕಿದ್ದಂತೆ ಆಫ್ ಆಗಿ, ಸ್ವಲ್ಪ ಹೊತ್ತು ಬಿಟ್ಟು ಏನೂ ಆಗದಂತೆ ಮತ್ತೆ ಸ್ಟಾರ್ಟ್ ಆಗುವ ಎಂಜಿನ್ನಿನಷ್ಟು ಮಾಲೀಕರ ಹಣವನ್ನು ಪೋಲು ಮಾಡಿಸುವ ತೊಂದರೆ ಹಳೆಯ ಕಾರುಗಳಲ್ಲಿ ಬೇರೊಂದಿಲ್ಲ. ಪೂರ್ತಿಯಾಗಿ ಕೆಟ್ಟುಹೋದ ಭಾಗವನ್ನು ಅರ್ಧ ಗಂಟೆಯಲ್ಲಿ ಹುಡುಕಬಲ್ಲ ಮೆಕ್ಯಾನಿಕ್ ಕೂಡ ಇಂಥ ಗಾಡಿ ಎದುರಾದಾಗ ತಡವರಿಸುತ್ತಾನೆ, ಏಕೆಂದರೆ ಗ್ಯಾರೇಜಿಗೆ ಬರುವ ಹೊತ್ತಿಗೆ ಅದು ಚೆನ್ನಾಗಿಯೇ ಓಡುತ್ತಿರುತ್ತದೆ. ಆಗ ನಡೆಯುವುದು ಊಹೆಯ ಮೇಲಿನ ಬದಲಾವಣೆ: ಮೊದಲು ಪ್ಲಗ್, ಆಮೇಲೆ ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಹುಟ್ಟಿಸುವ ಕಾಯಿಲ್, ಆಮೇಲೆ ಪೆಟ್ರೋಲ್ ಪಂಪ್, ಕೊನೆಗೆ ಇಸಿಎಂ, ಅಂದರೆ ಎಂಜಿನ್ನಿನ ಕಂಪ್ಯೂಟರ್. ಪ್ರತಿ ಬದಲಾವಣೆಯ ನಂತರ ನಾಲ್ಕು ದಿನ ಗಾಡಿ ಸರಿಯಾಗಿ ಓಡಿದರೆ, ದೋಷ ಹೋಯಿತೆಂದು ಎಲ್ಲರೂ ನಂಬುತ್ತಾರೆ; ಆ ನಾಲ್ಕು ದಿನ ಅದು ಹೇಗಿದ್ದರೂ ಓಡುತ್ತಿತ್ತೆಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಇಂಥ ದೋಷವನ್ನು ಹಿಡಿಯಬೇಕಾದರೆ, ಎಂಜಿನ್ ನಿಂತ ಆ ಕ್ಷಣದಲ್ಲಿ ಯಾವ ಭಾಗಕ್ಕೆ ಹೋಗಬೇಕಾದ ಕರೆಂಟ್ ಎಲ್ಲಕ್ಕಿಂತ ಮೊದಲು ಕಡಿದುಹೋಯಿತೆಂಬ ಒಂದೇ ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕು.

ಮೈಸೂರಿನ ಕೆಎ-09 ಮತ್ತು ಮಂಡ್ಯದ ಕೆಎ-11 ಸಂಖ್ಯೆಗಳನ್ನು ಹೊತ್ತು ಇಂದಿಗೂ ಓಡಾಡುತ್ತಿರುವ ಹಳೆಯ ಪೆಟ್ರೋಲ್ ಕಾರುಗಳನ್ನು ಈ ವಿಷಯಕ್ಕೆ ಸಂಬಂಧಿಸಿದಂತೆ ಎರಡು ತಲೆಮಾರುಗಳಾಗಿ ನೋಡಬಹುದು. ಪ್ರೀಮಿಯರ್ ಪದ್ಮಿನಿ, ಪೆಟ್ರೋಲ್ ಅಂಬಾಸಡರ್ ಹಾಗೂ 1983ರ ಕೊನೆಯಲ್ಲಿ ಬಂದ ಮಾರುತಿ 800ರ ಮೊದಲ ಮಾದರಿಗಳು ಪೆಟ್ರೋಲನ್ನು ಗಾಳಿಯೊಡನೆ ಬೆರೆಸುವ ಕಾರ್ಬುರೇಟರ್ ಮತ್ತು ಕಿಡಿಯನ್ನು ಪ್ಲಗ್‌ಗಳಿಗೆ ಹಂಚುವ ಡಿಸ್ಟ್ರಿಬ್ಯೂಟರ್ ಇರುವಂಥವು. ಅವುಗಳಲ್ಲಿ ಪೆಟ್ರೋಲ್ ಪಂಪನ್ನು ಎಂಜಿನ್ನೇ ತಿರುಗಿಸುವುದರಿಂದ ವಿದ್ಯುತ್ತಿನ ಕೆಲಸ ಬಹುಮಟ್ಟಿಗೆ ಕಿಡಿ ಹಾರಿಸುವುದಕ್ಕೆ ಸೀಮಿತ. 2000ದ ಆಸುಪಾಸಿನಲ್ಲಿ ಹೊಗೆ ನಿಯಮಗಳು ಬಿಗಿಯಾಗಿ, ಇಂಜೆಕ್ಟರುಗಳಿಂದ ಪೆಟ್ರೋಲ್ ಚಿಮ್ಮಿಸುವ ಎಂಪಿಎಫ್‌ಐ ಎಂಜಿನ್‌ಗಳು ಎಲ್ಲೆಡೆ ಬಂದ ಮೇಲೆ ಪಂಪ್, ಇಂಜೆಕ್ಟರ್, ಕಿಡಿ, ಇವು ಮೂರೂ ಒಂದು ಕಂಪ್ಯೂಟರಿನ ಅಧೀನವಾದವು. ಆ ಕಂಪ್ಯೂಟರಿಗೆ ಕರೆಂಟ್ ಕೊಡುವ ಮುಖ್ಯ ರಿಲೇ (ವಿದ್ಯುತ್ತಿನಿಂದ ಕೆಲಸ ಮಾಡುವ ಸ್ವಿಚ್) ಮತ್ತು ಎಂಜಿನ್ ತಿರುಗುತ್ತಿದೆಯೆಂದು ತಿಳಿಸುವ ಕ್ರ್ಯಾಂಕ್ ಸೆನ್ಸರ್, ಇವೆರಡರಲ್ಲಿ ಒಂದು ಕ್ಷಣಮಾತ್ರ ಕೈಕೊಟ್ಟರೂ ಸಾಕು, ಎಂಜಿನ್ ನಿಲ್ಲುತ್ತದೆ. ಕ್ರ್ಯಾಂಕ್ ಸೆನ್ಸರ್ ಇಲ್ಲದ ಕೆಲವು ಮಾದರಿಗಳಲ್ಲಿ ಅದೇ ಕೆಲಸವನ್ನು ಡಿಸ್ಟ್ರಿಬ್ಯೂಟರಿನೊಳಗಿನ ಸೆನ್ಸರ್ ಮಾಡುತ್ತದೆ.

ದೋಷ ವಿದ್ಯುತ್ತಿನದೇ ಎಂಬುದಕ್ಕೆ ಮೊದಲ ಸುಳಿವು ಎಂಜಿನ್ ನಿಲ್ಲುವ ರೀತಿಯಲ್ಲಿದೆ. ಪೆಟ್ರೋಲ್ ಸಾಲದೆ ನಿಲ್ಲುವ ಎಂಜಿನ್ ಸಾಮಾನ್ಯವಾಗಿ ಎಳೆತ ಕಳೆದುಕೊಂಡು, ಜಗ್ಗಿ, ಆಕ್ಸಿಲರೇಟರ್ ಒತ್ತಿದಷ್ಟೂ ಸೊರಗುತ್ತಾ ನಿಲ್ಲುತ್ತದೆ. ಕಿಡಿ ಅಥವಾ ಕಂಪ್ಯೂಟರಿನ ಕರೆಂಟ್ ಕಡಿದಾಗ ಯಾರೋ ಕೀ ತಿರುಗಿಸಿ ಆಫ್ ಮಾಡಿದಂತೆ ಒಮ್ಮೆಗೇ ನಿಲ್ಲುತ್ತದೆ. ಆದರೆ ಈ ನಿಯಮಕ್ಕೆ ಎರಡು ಅಪವಾದಗಳಿವೆ. ಪಂಪಿನ ರಿಲೇ ಕೈಕೊಟ್ಟರೆ ಕಾರಣ ವಿದ್ಯುತ್ತಿನದಾಗಿದ್ದರೂ ಪೈಪಿನಲ್ಲಿ ಉಳಿದ ಒತ್ತಡ ಇಳಿಯುವವರೆಗೆ ಎಂಜಿನ್ ಜಗ್ಗುತ್ತಾ ಓಡಬಹುದು. ಕೆಲವು ಕಾರ್ಬುರೇಟರ್‌ಗಳಲ್ಲಿ ಐಡ್ಲಿಂಗಿನ ಪೆಟ್ರೋಲ್ ದಾರಿಯನ್ನು ತೆರೆದು ಮುಚ್ಚುವ ಪುಟ್ಟ ಸೊಲೆನಾಯ್ಡ್, ಅಂದರೆ ವಿದ್ಯುತ್ ವಾಲ್ವ್, ಇರುತ್ತದೆ. ಅದರ ಒಂದೇ ಒಂದು ವೈರ್ ಸಡಿಲವಾದರೆ ಗಾಡಿ ವೇಗದಲ್ಲಿ ಸರಿಯಾಗಿ ಓಡಿ, ಸಿಗ್ನಲ್ಲಿನಲ್ಲಿ ಕಾಲು ತೆಗೆದ ಕೂಡಲೇ ನಿಲ್ಲುತ್ತದೆ. ಈ ಕಾರಣಕ್ಕೆ ಕಾರ್ಬುರೇಟರನ್ನು ಮತ್ತೆ ಮತ್ತೆ ಬಿಚ್ಚಿ ತೊಳೆಸಿದವರು ಬೇಕಾದಷ್ಟು ಜನ ಇದ್ದಾರೆ.

ಗಾಡಿ ನಿಂತ ಮೇಲಿನ ಎರಡು ನಿಮಿಷಗಳಷ್ಟು ಬೆಲೆಬಾಳುವ ಸಮಯ ಮತ್ತೆ ಸಿಗುವುದಿಲ್ಲ. ಬಹುತೇಕರು ಅದನ್ನು ಸೆಲ್ಫ್ ಹೊಡೆಯುವುದರಲ್ಲೇ ಕಳೆಯುತ್ತಾರೆ. ಮೊದಲ ಕೆಲಸ ಸುರಕ್ಷತೆ. ಎಂಜಿನ್ ನಿಂತ ಮೇಲೆ ಬ್ರೇಕ್ ಬೂಸ್ಟರಿನಲ್ಲಿ ಒಂದೆರಡು ಒತ್ತುಗಳಿಗೆ ಸಾಲುವಷ್ಟು ಮಾತ್ರ ನೆರವು ಉಳಿದಿರುತ್ತದೆ, ಪವರ್ ಸ್ಟೀರಿಂಗ್ ಇದ್ದರೆ ಅದು ಭಾರವಾಗುತ್ತದೆ, ಚಲಿಸುತ್ತಿರುವಾಗ ಕೀಯನ್ನು ಲಾಕ್ ಸ್ಥಾನಕ್ಕೆ ತಿರುಗಿಸಿದರೆ ಸ್ಟೀರಿಂಗ್ ಸಿಕ್ಕಿಕೊಳ್ಳುವ ಅಪಾಯವಿದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ವಾಹನಗಳು ಬರುವ ವೇಗವನ್ನು ನೋಡಿದರೆ, ಉಳಿದ ಚಲನೆಯಲ್ಲೇ ಎಡಕ್ಕೆ ಸರಿದು, ಹಜಾರ್ಡ್ ದೀಪ ಹಾಕಿ, ಪ್ರಯಾಣಿಕರನ್ನು ತಡೆಬೇಲಿಯಾಚೆ ನಿಲ್ಲಿಸಿ, ಅಗತ್ಯವಿದ್ದರೆ ರಾಷ್ಟ್ರೀಯ ಹೆದ್ದಾರಿಗಳ ಸಹಾಯವಾಣಿ 1033ಕ್ಕೆ ಕರೆ ಮಾಡುವುದು ಯಾವುದೇ ಪರೀಕ್ಷೆಗಿಂತ ಮುಂಚಿನ ಕರ್ತವ್ಯ. ಅಂಥ ಜಾಗದಲ್ಲಿ ಬಾನೆಟ್ ಎತ್ತಿ ಕೆಲಸ ಮಾಡಲು ಹೋಗಬಾರದು.

ಗಾಡಿ ಸುರಕ್ಷಿತವಾಗಿ ನಿಂತಿದ್ದರೆ ಕೀಯನ್ನು ಆನ್ ಸ್ಥಾನದಲ್ಲೇ ಬಿಟ್ಟು ಡ್ಯಾಶ್‌ಬೋರ್ಡನ್ನು ನೋಡಬೇಕು. ಆಯಿಲ್ ಮತ್ತು ಬ್ಯಾಟರಿಯ ಕೆಂಪು ದೀಪಗಳು ಉರಿಯುತ್ತಿದ್ದರೆ ಇಗ್ನಿಷನ್ ಸ್ವಿಚ್ಚಿನ ಮೂಲಕ ಡ್ಯಾಶ್‌ಬೋರ್ಡಿಗೆ ಕರೆಂಟ್ ಬರುತ್ತಿದೆ. ಅವು ಉರಿಯದೆ ಹಾರ್ನ್ ಮತ್ತು ಹೆಡ್‌ಲೈಟ್ ಮಾತ್ರ ಕೆಲಸ ಮಾಡುತ್ತಿದ್ದರೆ ಸಂದೇಹ ಇಗ್ನಿಷನ್ ಸ್ವಿಚ್ ಅಥವಾ ಅದರ ಫ್ಯೂಸಿನ ಮೇಲೆ. ಹಾರ್ನ್ ಕೂಡ ಸತ್ತಿದ್ದರೆ ಬ್ಯಾಟರಿ ಟರ್ಮಿನಲ್, ಮುಖ್ಯ ಫ್ಯೂಸ್ ಅಥವಾ ಕರೆಂಟ್ ಬ್ಯಾಟರಿಗೆ ಮರಳುವ ಅರ್ಥಿಂಗ್ ಕೇಬಲ್ಲಿನ ಮೇಲೆ. ಎಂಪಿಎಫ್‌ಐ ಗಾಡಿಯಾದರೆ ಕೀಯನ್ನು ಒಮ್ಮೆ ಆಫ್ ಮಾಡಿ ಮತ್ತೆ ಆನ್ ಮಾಡಿದಾಗ ಎರಡು ಸಂಗತಿಗಳನ್ನು ಗಮನಿಸಬೇಕು. ಚೆಕ್ ಎಂಜಿನ್ ದೀಪ ಹತ್ತಬೇಕು. ಹತ್ತದಿದ್ದರೆ ಬಹುತೇಕ ಮಾದರಿಗಳಲ್ಲಿ ಕಂಪ್ಯೂಟರಿಗೇ ಕರೆಂಟ್ ಇಲ್ಲವೆಂದು ತಿಳಿಯಬಹುದು, ಆಗ ಮುಖ್ಯ ರಿಲೇ, ಅದರ ಫ್ಯೂಸ್ ಹಾಗೂ ಕಂಪ್ಯೂಟರಿನ ಅರ್ಥ್ ವೈರ್, ಇವಿಷ್ಟರಲ್ಲೇ ಹುಡುಕಾಟ ಮುಗಿಯುತ್ತದೆ. ಜೊತೆಗೆ ಹಿಂದಿನ ಸೀಟಿನ ಕಡೆಯಿಂದ ಪಂಪಿನ ಗುಂಯ್ ಎನ್ನುವ ಸದ್ದು ಎರಡು ಮೂರು ಸೆಕೆಂಡ್ ಕೇಳಿಸಬೇಕು. ದೀಪ ಹತ್ತಿ, ಪಂಪೂ ಸದ್ದು ಮಾಡಿ, ಸೆಲ್ಫ್ ತಿರುಗಿಯೂ ಎಂಜಿನ್ ಹಿಡಿಯದಿದ್ದರೆ ಕ್ರ್ಯಾಂಕ್ ಸೆನ್ಸರ್ ಅಥವಾ ಕಿಡಿಯ ಭಾಗಕ್ಕೆ ಹೋಗಬೇಕು. ಆರ್‌ಪಿಎಂ ಮೀಟರ್ ಇರುವ ಕಾರಿನಲ್ಲಿ ಇನ್ನೂ ಒಂದು ಸುಳಿವಿದೆ: ಗಾಡಿ ಗೇರಿನಲ್ಲಿ ಉರುಳುತ್ತಿದ್ದು ಚಕ್ರಗಳು ಎಂಜಿನ್ನನ್ನು ಇನ್ನೂ ತಿರುಗಿಸುತ್ತಿರುವಾಗಲೇ ಮುಳ್ಳು ಸೊನ್ನೆಗೆ ಬಿದ್ದರೆ, ಎಂಜಿನ್ ತಿರುಗುತ್ತಿದೆಯೆಂಬ ಸಂಕೇತವೇ ಕಳೆದುಹೋಗಿದೆಯೆಂದು ಅರ್ಥ. ಇದೆಲ್ಲಕ್ಕೂ ಉಪಕರಣ ಬೇಡ, ಬಾನೆಟ್ ಎತ್ತುವುದೂ ಬೇಡ. ನೋಡಿದ್ದನ್ನು ಅಲ್ಲೇ ಬರೆದಿಟ್ಟುಕೊಂಡರೆ ಮೆಕ್ಯಾನಿಕ್ಕಿನ ಅರ್ಧ ಕೆಲಸ ಮುಗಿದಂತೆ.

ಬರೆದಿಡಬೇಕಾದ ಇನ್ನೊಂದು ಸಂಗತಿಯೆಂದರೆ ಎಂಥ ಸಂದರ್ಭದಲ್ಲಿ ಗಾಡಿ ನಿಂತಿತೆಂಬುದು. ಮಂಡ್ಯದಲ್ಲಿ ಬೆಳಿಗ್ಗೆ ಸಲೀಸಾಗಿ ಸ್ಟಾರ್ಟ್ ಆದ ಕಾರೊಂದು ಶ್ರೀರಂಗಪಟ್ಟಣ ಸಮೀಪಿಸುವಷ್ಟರಲ್ಲಿ ಆಫ್ ಆಗಿ, ಕಾಫಿ ಕುಡಿದು ಬರುವಷ್ಟರಲ್ಲಿ ಮತ್ತೆ ಹಿಡಿದು, ಮೈಸೂರು ತಲುಪುವ ಮುನ್ನ ಇನ್ನೊಮ್ಮೆ ನಿಲ್ಲುತ್ತದೆಯೆಂದು ಭಾವಿಸೋಣ. ಬಿಸಿಯಾದಾಗ ಕೆಟ್ಟು ತಣಿದಾಗ ಸರಿಹೋಗುವ ಈ ಕ್ರಮ ಕಾಯಿಲ್, ಕಾಯಿಲ್ಲಿನ ಕರೆಂಟನ್ನು ಕಡಿದು ಕಿಡಿ ಹುಟ್ಟಿಸುವ ಇಗ್ನೈಟರ್ ಅಥವಾ ಕ್ರ್ಯಾಂಕ್ ಸೆನ್ಸರಿನ ಲಕ್ಷಣ. ಸೆನ್ಸರಿನೊಳಗಿನ ಸುರುಳಿ ಕೂದಲೆಳೆಯಷ್ಟು ತೆಳುವಾದ ತಾಮ್ರದ ತಂತಿಯದು. ಅದರಲ್ಲಿ ಬಿರುಕಿದ್ದರೆ ತಣ್ಣಗಿರುವಾಗ ತುದಿಗಳು ಪರಸ್ಪರ ತಾಗಿಕೊಂಡಿದ್ದು, ಬಿಸಿಗೆ ಹಿಗ್ಗಿ ಬೇರೆಯಾಗುತ್ತವೆ. ಇಲ್ಲೊಂದು ಎಚ್ಚರಿಕೆ ಬೇಕು. ಒಳ್ಳೆಯ ತಾಮ್ರದ ತಂತಿಯ ರೋಧವೂ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 0.39 ಪ್ರತಿಶತ ಏರುವುದರಿಂದ, ಉಷ್ಣಾಂಶ 25 ಡಿಗ್ರಿಯಿಂದ 105ಕ್ಕೆ ಹೋದಾಗ ಮೀಟರಿನ ಅಂಕಿ 30 ಪ್ರತಿಶತಕ್ಕಿಂತ ತುಸು ಹೆಚ್ಚೇ ಬರುತ್ತದೆ. ಅಷ್ಟನ್ನು ನೋಡಿ ಸೆನ್ಸರ್ ಕೆಟ್ಟಿದೆಯೆಂದು ತೀರ್ಮಾನಿಸಬಾರದು. ಅಂಕಿ ಒಮ್ಮೆಗೇ ಅನಂತಕ್ಕೆ ಜಿಗಿದರೆ ಮಾತ್ರ ಅದು ದೋಷ. ಕೂದಲು ಒಣಗಿಸುವ ಡ್ರೈಯರಿನಿಂದ ಸೆನ್ಸರನ್ನು ಬಿಸಿಮಾಡುತ್ತಾ ಮೀಟರ್ ನೋಡುವುದು, ಎಂಜಿನ್ ನಿಂತಾಗ ಒದ್ದೆ ಬಟ್ಟೆಯಿಂದ ಆ ಒಂದು ಭಾಗವನ್ನಷ್ಟೇ ತಣಿಸಿ ಸ್ಟಾರ್ಟ್ ಮಾಡಿ ನೋಡುವುದು, ಇವೆರಡೂ ಖರ್ಚಿಲ್ಲದ ಒಳ್ಳೆಯ ಪರೀಕ್ಷೆಗಳು.

ಚಾಮುಂಡಿ ಬೆಟ್ಟ ಹತ್ತುವಾಗ ಸರಿಯಾಗಿದ್ದ ಗಾಡಿ ಮೇಲೆ ನಿಲ್ಲಿಸಿ ದರ್ಶನ ಮುಗಿಸಿ ಬಂದಾಗ ಸ್ಟಾರ್ಟ್ ಆಗದಿರುವುದಕ್ಕೂ ಇದೇ ವಿವರಣೆ ಅನ್ವಯಿಸುತ್ತದೆ. ಎಂಜಿನ್ ಆಫ್ ಮಾಡಿದೊಡನೆ ಕೂಲೆಂಟ್ ಹರಿವೂ ಎದುರುಗಾಳಿಯೂ ನಿಲ್ಲುವುದರಿಂದ ಬಾನೆಟ್ ಒಳಗಿನ ಬಿಸಿ ಇಳಿಯುವ ಮೊದಲು ಕೆಲವು ನಿಮಿಷ ಏರುತ್ತದೆ. ಕಾರ್ಬುರೇಟರ್ ಗಾಡಿಯಲ್ಲಿ ಈ ಹೊತ್ತಿಗೆ ಪೆಟ್ರೋಲ್ ಆವಿಯಾಗಿ ಪೈಪ್ ಕಟ್ಟಿಕೊಳ್ಳುವುದೂ ಉಂಟಾದ್ದರಿಂದ ಕಿಡಿ ಇದೆಯೋ ಇಲ್ಲವೋ ಎಂಬುದನ್ನು ನೋಡದೆ ಯಾರ ಮೇಲೂ ತಪ್ಪು ಹೊರಿಸಬಾರದು. ಹಂಪ್ ಅಥವಾ ಗುಂಡಿಯ ಮೇಲೆ ಹಾರಿದಾಗ ನಿಲ್ಲುವ ಗಾಡಿಯಲ್ಲಿ ವೈರುಗಳನ್ನು ಜೋಡಿಸುವ ಸಡಿಲ ಕಪ್ಲರ್ ಅಥವಾ ಟರ್ಮಿನಲ್ಲನ್ನೂ, ಮಳೆ ಬಂದಾಗ ಮುಕ್ಕರಿಸುವ ಗಾಡಿಯಲ್ಲಿ ಡಿಸ್ಟ್ರಿಬ್ಯೂಟರ್ ಕ್ಯಾಪಿನ ಬಿರುಕು ಮತ್ತು ಪ್ಲಗ್ ವೈರುಗಳನ್ನೂ ನೋಡಬೇಕು. ಕತ್ತಲಲ್ಲಿ ಬಾನೆಟ್ ಎತ್ತಿ ಎಂಜಿನ್ ಓಡಿಸಿದರೆ ಸೋರುವ ಕಿಡಿ ಕಣ್ಣಿಗೇ ಕಾಣಿಸುತ್ತದೆ. ರಾತ್ರಿ ಹೆಡ್‌ಲೈಟ್, ವೈಪರ್, ಫ್ಯಾನ್ ಎಲ್ಲವೂ ಓಡುತ್ತಿರುವಾಗ ಐಡ್ಲಿಂಗಿನಲ್ಲಿ ನಿಲ್ಲುವುದಾದರೆ, ನಮ್ಮಲ್ಲಿ ಡೈನಮೋ ಎಂದು ಕರೆಯುವ ಆಲ್ಟರ್ನೇಟರನ್ನು ಮೊದಲು ಪರೀಕ್ಷಿಸಬೇಕು. ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ ಸುಮಾರು 13.8ರಿಂದ 14.5 ವೋಲ್ಟ್ ಇರಬೇಕು. ನಿಂತ ಗಾಡಿಯ ಪೂರ್ಣ ಚಾರ್ಜ್ ಆದ ಬ್ಯಾಟರಿ 12.6 ವೋಲ್ಟ್ ತೋರಿಸುತ್ತದೆ.

ಮೀಟರ್ ಹಿಡಿದವರೂ ದಾರಿ ತಪ್ಪುವುದು ಇನ್ನು ಮುಂದಿನ ವಿಷಯದಲ್ಲಿ. ಪಂಪಿನ ಕಪ್ಲರ್ ಬಿಚ್ಚಿ ಮಲ್ಟಿಮೀಟರ್ ಇಟ್ಟಾಗ 12 ವೋಲ್ಟ್ ಬಂದರೆ ವೈರ್ ಸರಿಯಾಗಿದೆಯೆಂದು ಹೇಳಿಬಿಡುವುದು ವಾಡಿಕೆ. ವಾಸ್ತವದಲ್ಲಿ ಮೀಟರ್ ಎಳೆಯುವ ಕರೆಂಟ್ ಎಷ್ಟು ಅತ್ಯಲ್ಪವೆಂದರೆ, ಇಪ್ಪತ್ತು ಎಳೆಗಳ ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಪೂರ್ತಿ ವೋಲ್ಟೇಜ್ ಕಾಣಿಸುತ್ತದೆ. ನಾಲೆಯ ತೂಬಿನಲ್ಲಿ ಕಸ ಕಟ್ಟಿಕೊಂಡಿದ್ದರೂ ಗದ್ದೆಗೆ ನೀರು ಬಿಡದಿರುವಾಗ ಎರಡೂ ಕಡೆ ನೀರಿನ ಮಟ್ಟ ಒಂದೇ ಇರುತ್ತದೆ. ನೀರು ಹರಿಯತೊಡಗಿದಾಗಲೇ ಆಚೆ ಕಡೆಯ ಮಟ್ಟ ಕುಸಿಯುವುದು. ಲೆಕ್ಕ ಸರಳ: 5 ಆಂಪಿಯರ್ ಎಳೆಯುವ ಪಂಪಿನ ದಾರಿಯಲ್ಲಿ ತುಕ್ಕು ಹಿಡಿದ ಪಿನ್ನಿನಿಂದಾಗಿ ಅರ್ಧ ಓಮ್ ರೋಧ ಸೇರಿಕೊಂಡರೆ 2.5 ವೋಲ್ಟ್ ಅಲ್ಲೇ ಕಳೆದುಹೋಗಿ ಪಂಪಿಗೆ ತಲುಪುವುದು ಹತ್ತರ ಆಸುಪಾಸು. ಸೆಲ್ಫ್ ಮೋಟಾರ್ 150 ಆಂಪಿಯರ್ ಎಳೆಯುವಾಗ ಒಂದು ಓಮಿನ ನೂರನೇ ಒಂದು ಭಾಗದ ರೋಧವೂ 1.5 ವೋಲ್ಟ್ ನುಂಗುತ್ತದೆ. ಅಷ್ಟು ಸಣ್ಣ ರೋಧವನ್ನು ಸಾಮಾನ್ಯ ಮೀಟರಿನ ಓಮ್ ಸ್ಥಾನ ತೋರಿಸಲಾರದು.

ಆದ್ದರಿಂದ ಕರೆಂಟ್ ಹರಿಯುತ್ತಿರುವಾಗಲೇ ಅಳೆಯಬೇಕು. ಅರ್ಥಿಂಗ್ ಪರೀಕ್ಷೆಗೆ ಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು, ಒಂದು ಮೊನೆಯನ್ನು ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ, ಕ್ಲ್ಯಾಂಪಿನ ಮೇಲಲ್ಲ, ಕಂಬದ ಮೇಲೆಯೇ ಇಟ್ಟು, ಇನ್ನೊಂದನ್ನು ಎಂಜಿನ್ ಬ್ಲಾಕಿನ ಬರಿಯ ಲೋಹಕ್ಕೆ ತಾಗಿಸಿ, ಇನ್ನೊಬ್ಬರಿಂದ ಸೆಲ್ಫ್ ಹೊಡೆಸಬೇಕು. ಅಂಕಿ 0.2 ವೋಲ್ಟಿನೊಳಗಿದ್ದರೆ ಚಿಂತೆಯಿಲ್ಲ. ಅದಕ್ಕಿಂತ ಗಣನೀಯವಾಗಿ ಹೆಚ್ಚಿದ್ದರೆ ಕೇಬಲ್ ಅಥವಾ ಅದರ ಬೋಲ್ಟಿನಲ್ಲಿ ದೋಷವಿದೆ. ಕಂಪ್ಯೂಟರ್ ಮತ್ತು ಸೆನ್ಸರುಗಳ ಅರ್ಥ್ ವೈರಿನಲ್ಲಿ ಎಂಜಿನ್ ಓಡುವಾಗ 0.1 ವೋಲ್ಟಿಗಿಂತ ಹೆಚ್ಚು ಬರಬಾರದು. ಎಂಜಿನ್ನಿನಿಂದ ಕಾರಿನ ಬಾಡಿಯವರೆಗೆ ಬರುವ ಅರ್ಥ್ ಪಟ್ಟಿ ಕಡಿದ ಗಾಡಿಗಳಲ್ಲಿ ಸೆಲ್ಫ್ ಮೋಟಾರಿನ ಕರೆಂಟ್ ಆಕ್ಸಿಲರೇಟರ್ ಅಥವಾ ಕ್ಲಚ್ ಕೇಬಲ್ಲಿನ ಮೂಲಕ ದಾರಿ ಹುಡುಕಿಕೊಂಡು ಅದನ್ನು ಸುಡುವಷ್ಟು ಬಿಸಿಮಾಡುವುದುಂಟು. ಕಾರಣವಿಲ್ಲದೆ ಮತ್ತೆ ಮತ್ತೆ ಬಿಗಿಯಾಗುವ ಕೇಬಲ್ ಇದ್ದರೆ ಈ ಪಟ್ಟಿಯನ್ನು ನೋಡದೆ ಹೊಸ ಕೇಬಲ್ ಹಾಕಿಸಬಾರದು. ಪಂಪಿನಂಥ ಹೆಚ್ಚು ಕರೆಂಟಿನ ವೈರುಗಳಿಗೆ ಮೀಟರಿಗಿಂತ 21 ವ್ಯಾಟಿನ ಇಂಡಿಕೇಟರ್ ಬಲ್ಬಿಗೆ ಎರಡು ವೈರ್ ಜೋಡಿಸಿದ ಟೆಸ್ಟ್ ಲ್ಯಾಂಪ್ ಹೆಚ್ಚು ಪ್ರಾಮಾಣಿಕ. ಆದರೆ ಅದನ್ನು ಕಂಪ್ಯೂಟರಿನ ಸಂಕೇತ ವೈರುಗಳಿಗೆ ತಾಗಿಸಿದರೆ ಕಂಪ್ಯೂಟರ್ ಸುಡಬಹುದು.

ಇಷ್ಟೆಲ್ಲ ಮಾಡಿಯೂ ದೋಷ ಸಿಗದಿದ್ದರೆ, ಅದು ತಾನಾಗಿ ಕಾಣಿಸಿಕೊಳ್ಳುವವರೆಗೆ ಕಾವಲು ಇಡಬೇಕು. ಇದು ಗ್ಯಾರೇಜುಗಳಲ್ಲಿ ಅಪರೂಪವಾಗಿ ಮಾಡುವ, ಆದರೆ ನನ್ನ ಅಭಿಪ್ರಾಯದಲ್ಲಿ ಅತ್ಯಂತ ಫಲಕಾರಿಯಾದ ವಿಧಾನ. ಪಾರ್ಕಿಂಗ್ ದೀಪದ 5 ವ್ಯಾಟಿನ ಮೂರು ಬಲ್ಬುಗಳನ್ನು ತೆಗೆದುಕೊಂಡು, ಒಂದನ್ನು ಮುಖ್ಯ ರಿಲೇ ಹೊರಬಿಡುವ ಕರೆಂಟಿಗೂ, ಇನ್ನೊಂದನ್ನು ಕಾಯಿಲ್ಲಿನ ಪಾಸಿಟಿವ್ ವೈರಿಗೂ, ಮೂರನೆಯದನ್ನು ಪಂಪಿಗೆ ಹೋಗುವ ವೈರಿಗೂ ಚಿಕ್ಕ ಫ್ಯೂಸಿನ ಮೂಲಕ ಜೋಡಿಸಿ, ಬಲ್ಬುಗಳು ಚಾಲಕನ ಪಕ್ಕದಲ್ಲಿ ಕುಳಿತವರಿಗೆ ಕಾಣುವಂತೆ ಇಟ್ಟು ಓಡಿಸಬೇಕು. ವೈರುಗಳು ಸೈಲೆನ್ಸರ್ ಪೈಪಿಗಾಗಲಿ ಫ್ಯಾನಿಗಾಗಲಿ ತಾಗಬಾರದು. ಗಾಡಿ ನಿಂತ ಕ್ಷಣದಲ್ಲಿ ಮೂರೂ ಆರಿದರೆ ದೋಷ ಮುಖ್ಯ ರಿಲೇ ಅಥವಾ ಅದಕ್ಕೂ ಹಿಂದೆ, ಅಂದರೆ ಸ್ವಿಚ್, ಫ್ಯೂಸ್, ಬ್ಯಾಟರಿಗಳ ಕಡೆಗಿದೆ. ಕಾಯಿಲ್ಲಿನದೊಂದೇ ಆರಿದರೆ ಆ ವೈರಿನ ಕವಲಿನಲ್ಲಿದೆ. ಪಂಪಿನದೊಂದೇ ಆರಿದಾಗ ಮಾತ್ರ ತುಸು ಯೋಚಿಸಬೇಕು: ಎಂಜಿನ್ ಇನ್ನೂ ಓಡುತ್ತಿರುವಾಗ ಬಲ್ಬ್ ಆರಿ, ಆಮೇಲೆ ಎಂಜಿನ್ ಸೊರಗಿ ನಿಂತರೆ ಪಂಪಿನ ರಿಲೇ ಅಪರಾಧಿ, ಎಂಜಿನ್ ಮೊದಲು ಒಮ್ಮೆಗೇ ನಿಂತು, ಒಂದೆರಡು ಸೆಕೆಂಡಿನ ನಂತರ ಬಲ್ಬ್ ಆರಿದರೆ ಕ್ರ್ಯಾಂಕ್ ಸೆನ್ಸರಿನ ಸಂಕೇತ ಹೋಗಿದೆ. ಎಂಜಿನ್ ತಿರುಗುತ್ತಿಲ್ಲವೆಂದು ತಿಳಿದ ಕಂಪ್ಯೂಟರ್ ಅಪಘಾತದಲ್ಲಿ ಪೆಟ್ರೋಲ್ ಚೆಲ್ಲದಿರಲೆಂದು ಪಂಪನ್ನು ತಾನೇ ಆಫ್ ಮಾಡುವುದು ಇದಕ್ಕೆ ಕಾರಣ. ಈ ಅನುಕ್ರಮ ಗೊತ್ತಿಲ್ಲದೆ, ಸೆನ್ಸರ್ ಕೆಟ್ಟಾಗಲೂ ಪಂಪಿಗೆ ಕರೆಂಟ್ ಇಲ್ಲವೆಂಬುದನ್ನಷ್ಟೇ ನೋಡಿ ಪಂಪ್ ಮತ್ತು ರಿಲೇ ಎರಡನ್ನೂ ಬದಲಿಸುವುದು ತೀರಾ ಸಾಮಾನ್ಯ. ಎಲ್‌ಇಡಿ ದೀಪ ಬೇಡ. ಕಡಿಮೆ ವೋಲ್ಟೇಜಿನಲ್ಲೂ ಅದು ಬೆಳಗುತ್ತಲೇ ಇರುತ್ತದೆ, ಫಿಲಮೆಂಟ್ ಬಲ್ಬ್ ಮಂಕಾಗಿ ಸತ್ಯ ಹೇಳುತ್ತದೆ.

ಕೆಲವು ಭಾಗಗಳನ್ನು ಅನುಭವಸ್ಥರು ಕಾವಲಿಗೂ ಮೊದಲೇ ಸಂದೇಹಿಸುತ್ತಾರೆ. ತೊಂಬತ್ತರ ದಶಕದ ವಿನ್ಯಾಸದ ಹಲವು ಗಾಡಿಗಳ ಮುಖ್ಯ ರಿಲೇಯೊಳಗಿನ ಬೆಸುಗೆ ವರ್ಷಗಳ ಬಿಸಿ ಮತ್ತು ನಡುಕದಿಂದ ಉಂಗುರಾಕಾರವಾಗಿ ಬಿರಿಯುತ್ತದೆ. ಬೇಸಿಗೆಯ ಮಧ್ಯಾಹ್ನ ಬಿಸಿಲಲ್ಲಿ ನಿಂತ ಗಾಡಿ ಹಿಡಿಯದೆ, ಕಿಟಕಿ ತೆರೆದಿಟ್ಟ ಮೇಲೆ ಹಿಡಿಯುವುದು ಇದರ ಗುರುತು, ಮತ್ತೆ ಬೆಸುಗೆ ಹಾಕಿದರೆ ಸಾಕಾಗುತ್ತದೆ. ಕೀ ಜೊತೆಗೆ ಮನೆ, ಅಂಗಡಿ, ಬೀರುಗಳ ಬೀಗದ ಕೈಗಳನ್ನೆಲ್ಲ ನೇತುಹಾಕಿದ ಗೊಂಚಲು ಸ್ವಿಚ್ಚಿನ ಕಾಂಟ್ಯಾಕ್ಟುಗಳನ್ನು ಸವೆಸುತ್ತದೆ. ಎಂಜಿನ್ ಓಡುವಾಗ ಕೀಯನ್ನು ಮೆಲ್ಲಗೆ ಅಲ್ಲಾಡಿಸಿದರೆ ಗೊತ್ತಾಗುತ್ತದೆ. ಕಬ್ಬಿನ ಗದ್ದೆಗಳ ಪಕ್ಕದಲ್ಲಿ ಗಾಡಿ ನಿಲ್ಲಿಸುವ ಮಂಡ್ಯದ ಕಡೆಯವರು ಇಲಿಯನ್ನೂ ಮರೆಯುವಂತಿಲ್ಲ. ಅದು ಅರ್ಧ ಕಡಿದು ಬಿಟ್ಟ ವೈರ್ ಮೇಲೆ ಹೇಳಿದ ಒಂದೇ ಎಳೆಯ ಸ್ಥಿತಿಯಲ್ಲಿದ್ದು ಮೀಟರಿಗೆ ಸಿಕ್ಕದೆ ತಿಂಗಳುಗಟ್ಟಲೆ ಸತಾಯಿಸುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಹೊರಗಿನ ಅಂಗಡಿಯಲ್ಲಿ ಕೂಡಿಸಿದ ಅಲಾರಂ, ಸೆಂಟ್ರಲ್ ಲಾಕ್, ಗ್ಯಾಸ್ ಕಿಟ್‌ಗಳಿಗಾಗಿ ಇಗ್ನಿಷನ್ ವೈರನ್ನು ಕತ್ತರಿಸಿ ತಿರುಚಿ ಟೇಪ್ ಸುತ್ತಿದ ಜಾಗಗಳನ್ನು ಮೊದಲು ಹುಡುಕಬೇಕು. ಕಾರ್ಖಾನೆಯ ವೈರಿಂಗ್ ಇಪ್ಪತ್ತು ವರ್ಷ ಬಾಳುತ್ತದೆ, ತಿರುಚಿದ ಜೋಡಣೆ ಅಷ್ಟು ಬಾಳುವುದಿಲ್ಲ.

ಪಾಯಿಂಟ್, ಅಂದರೆ ಕಾಯಿಲ್ಲಿನ ಕರೆಂಟನ್ನು ಕಡಿಯುವ ಪುಟ್ಟ ಕಾಂಟ್ಯಾಕ್ಟ್, ಇರುವ ಹಳೆಯ ಡಿಸ್ಟ್ರಿಬ್ಯೂಟರಿನ ವಿಷಯ ಬೇರೆ. ಅಲ್ಲಿ ಪಾಯಿಂಟಿಗೆ ಹೋಗುವ ಗೇಣುದ್ದಕ್ಕೂ ಕಡಿಮೆಯ ಹೆಣೆದ ವೈರ್, ಆಕ್ಸಿಲರೇಟರ್ ಕೊಟ್ಟಾಗಲೆಲ್ಲ ವ್ಯಾಕ್ಯೂಮ್ ತಟ್ಟೆಯೊಡನೆ ಅತ್ತಿತ್ತ ಮಡಚಿ, ಹೊದಿಕೆಯೊಳಗೇ ಕಡಿಯುತ್ತದೆ. ನಿಂತಲ್ಲಿ ಚೆನ್ನಾಗಿ ಓಡುವ ಎಂಜಿನ್ ಆಕ್ಸಿಲರೇಟರ್ ಒತ್ತಿದ ಕೂಡಲೇ ಸತ್ತರೆ ಇದನ್ನು ನೋಡಬೇಕು. ಸೆಲ್ಫ್ ಹೊಡೆಯುವಾಗ ಹಿಡಿದು, ಕೀ ಬಿಟ್ಟೊಡನೆ ನಿಲ್ಲುವ ಗಾಡಿಯಲ್ಲಿ ಎಂಜಿನ್ ಓಡುವಾಗ ಕಾಯಿಲ್ಲಿನ ಕರೆಂಟನ್ನು ಮಿತಿಗೊಳಿಸುವ ಬ್ಯಾಲಸ್ಟ್ ರೆಸಿಸ್ಟರ್ ಅಥವಾ ಸ್ವಿಚ್ಚಿನ ಓಡುವ ಸ್ಥಾನದ ಕಾಂಟ್ಯಾಕ್ಟ್ ಕಡಿದಿರುತ್ತದೆ. ಪಾಯಿಂಟ್ ಸುಡದಂತೆ ಕಾಪಾಡುವ ಕಂಡೆನ್ಸರ್ ಬಿಸಿಗೆ ಕೆಡುವುದು ಹಳೆಯ ಕಥೆ. ಈಗ ಸಿಗುವ ಹೊಸ ಕಂಡೆನ್ಸರುಗಳ ಗುಣಮಟ್ಟವನ್ನು ನೋಡಿದರೆ ಚೆನ್ನಾಗಿರುವ ಹಳೆಯದನ್ನು ಡ್ಯಾಶ್‌ಬೋರ್ಡಿನಲ್ಲಿ ಇಟ್ಟುಕೊಂಡಿರುವುದೇ ಲೇಸು.

ರಸ್ತೆ ಬದಿಯ ಕೆಲವು ಅಭ್ಯಾಸಗಳನ್ನು ಬಿಡಲೇಬೇಕು. ಎಂಜಿನ್ ಓಡುವಾಗ ಬ್ಯಾಟರಿ ಟರ್ಮಿನಲ್ ಕಳಚಿ ಡೈನಮೋ ಪರೀಕ್ಷಿಸುವುದು ಅವುಗಳಲ್ಲಿ ಅತ್ಯಂತ ಕೆಟ್ಟದ್ದು. ಆಗ ಏರುವ ವೋಲ್ಟೇಜ್ ಆಲ್ಟರ್ನೇಟರಿನ ಡಯೋಡುಗಳನ್ನೂ ಕಂಪ್ಯೂಟರನ್ನೂ ಸುಡಬಲ್ಲದು. ಎಲೆಕ್ಟ್ರಾನಿಕ್ ಇಗ್ನಿಷನ್ನಿನಲ್ಲಿ ಪ್ಲಗ್ ವೈರನ್ನು ಗಾಳಿಯಲ್ಲಿ ಬಿಟ್ಟು ಕಿಡಿ ನೋಡುವುದೂ ಸಲ್ಲದು, ಪ್ಲಗ್ಗನ್ನು ಬ್ಲಾಕಿಗೆ ಅರ್ಥ್ ಮಾಡಿಯೇ ನೋಡಬೇಕು. ಅದರಲ್ಲಿ ಹರಿಯುವುದು ಹಲವು ಸಾವಿರ ವೋಲ್ಟ್. ಸುಟ್ಟ ಫ್ಯೂಸಿನ ಜಾಗಕ್ಕೆ ದೊಡ್ಡದನ್ನೋ ತಂತಿಯನ್ನೋ ಹಾಕುವವರ ಗಾಡಿಗೆ ಬೆಂಕಿಯ ಭಯವಿದೆ.

ಕಂಪ್ಯೂಟರಿನಲ್ಲಿ ದಾಖಲಾದ ದೋಷದ ಕೋಡುಗಳನ್ನು ಓದುವ ಸ್ಕ್ಯಾನರ್ ಹಾಕಿದರೆ ಎಲ್ಲವೂ ತಿಳಿಯುತ್ತದೆಂಬ ನಿರೀಕ್ಷೆ ಹಳೆಯ ಗಾಡಿಗಳ ಮಟ್ಟಿಗೆ ಅತಿಯಾದದ್ದು. ಮೊದಮೊದಲ ಎಂಪಿಎಫ್‌ಐ ಕಾರುಗಳಲ್ಲಿ ಹಲವು ತಮ್ಮದೇ ಬಗೆಯ ಕಪ್ಲರ್ ಹೊಂದಿದ್ದು, ಎರಡು ಪಿನ್‌ಗಳನ್ನು ಸೇರಿಸಿ ಚೆಕ್ ಎಂಜಿನ್ ದೀಪದ ಮಿಣುಕುಗಳನ್ನು ಎಣಿಸಿ ಕೋಡ್ ಓದಬೇಕಾಗುತ್ತದೆ. ಕಂಪ್ಯೂಟರಿನ ಕರೆಂಟೇ ಕಡಿದಿದ್ದರೆ ಕೋಡ್ ದಾಖಲಾಗುವ ಪ್ರಶ್ನೆಯೇ ಇಲ್ಲ. ಪದೇ ಪದೇ ನಿಲ್ಲುವ ಗಾಡಿಯಲ್ಲಿ ಒಂದು ಕೋಡೂ ಇಲ್ಲವೆಂಬುದು ಮುಖ್ಯ ರಿಲೇ, ಸ್ವಿಚ್, ಅರ್ಥಿಂಗ್‌ಗಳ ಕಡೆಗೆ ಬೆರಳು ತೋರಿಸುತ್ತದೆ. ಹಲವು ಗಾಡಿಗಳಲ್ಲಿ ಬ್ಯಾಟರಿ ಕಳಚಿದರೆ ಕೋಡುಗಳು ಅಳಿಸಿಹೋಗುವುದರಿಂದ, ಓದಿಸುವ ಮೊದಲು ಅದನ್ನು ಮುಟ್ಟಬಾರದು.

ದೋಷ ಸಿಕ್ಕಿದ ಮೇಲೆ ದುರಸ್ತಿ ಬಹುಪಾಲು ಅಗ್ಗದ್ದು. ಅರ್ಥ್ ಬೋಲ್ಟಿನ ಕೆಳಗಿನ ಪೇಂಟನ್ನು ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಹಲ್ಲಿರುವ ವಾಷರ್ ಹಾಕಿ ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಬೇಕು. ವೈರನ್ನು ತಿರುಚದೆ ಸರಿಯಾದ ಅಳತೆಯ ಲೋಹದ ಸ್ಲೀವಿನೊಳಗಿಟ್ಟು ಒತ್ತಿ ಜೋಡಿಸಿ, ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಕೊಳವೆ ಹಾಕಬೇಕು. ಮೆಕ್ಯಾನಿಕ್ಕಿಗೆ ಭಾಗಗಳ ಬೆಲೆಯ ಮೇಲೆ ಹಣ ಕೊಡುವ ಬದಲು ಹುಡುಕಿದ ಸಮಯಕ್ಕೆ ಕೊಡುವುದಾಗಿ ಮೊದಲೇ ಒಪ್ಪಿಕೊಂಡರೆ ಬದಲಾವಣೆಯ ಆಸೆ ಅವರಿಗೂ ಕಡಿಮೆಯಾಗುತ್ತದೆ. ಆಮೇಲೆ ಗಾಡಿ ಹಿಂದೆ ನಿಲ್ಲುತ್ತಿದ್ದ ಅದೇ ದಾರಿಯಲ್ಲಿ, ಅದೇ ಹೊತ್ತಿನಲ್ಲಿ, ಅಷ್ಟೇ ಬಿಸಿಯಲ್ಲಿ ಹಲವು ಸಲ ಓಡಿಸಿ ನೋಡಬೇಕು. ಮೊದಲು ವಾರಕ್ಕೊಮ್ಮೆ ನಿಲ್ಲುತ್ತಿದ್ದ ಗಾಡಿಯಾದರೆ ಒಂದು ವಾರ ಸರಿಯಾಗಿ ಓಡಿದ್ದು ಪುರಾವೆಯಾಗದು, ನಾಲ್ಕೈದು ವಾರವಾದರೂ ಕಾಯಬೇಕು, ಮತ್ತು ಅಲ್ಲಿಯವರೆಗೆ ಕಾವಲಿನ ಬಲ್ಬುಗಳನ್ನು ಬಿಚ್ಚಬಾರದು.